ಅಮ್ಮಂದಿರ ಚಪ್ಪಲಿ ಇರಿಸಿಕೊಂಡ ಟೀಚರ್

ಕಾಪುವಿನ ಆಚೆ, ನಮ್ಮ ಕಡಲ ಬದಿಯ ರಸ್ತೆಯಲ್ಲಿ, ಜೂನ್ ತಿಂಗಳಲ್ಲಿ ಬರಿಗಾಲಿನಲ್ಲಿ ಬಸ್ಸು ಹತ್ತುವ ಹೆಂಗಸನ್ನು ಕಂಡರೆ ಯಾರೂ ಏನೂ ಕೇಳುವುದಿಲ್ಲ. ಕಂಡಕ್ಟರನೂ ಕೇಳುವುದಿಲ್ಲ, ಬೇಕಾದರೆ ಯಾರನ್ನಾದರೂ ಎಬ್ಬಿಸಿ ಸೀಟು ಕೊಡಿಸುತ್ತಾನೆ. ಇವಳು ಮಗುವನ್ನು ಹೊಸದಾಗಿ ಬಾಲವಾಡಿಗೆ ಸೇರಿಸಿದ್ದಾಳೆ, ಚಪ್ಪಲಿ ಟೀಚರ ಬಾಗಿಲಲ್ಲಿದೆ ಎಂದು ಎಲ್ಲರಿಗೂ ಗೊತ್ತು. ಬೇರೆ ಊರಿನವರು ನಮ್ಮನ್ನು ಹರಕೆ ಹೊತ್ತವರೆಂದು ತಿಳಿದುಕೊಂಡದ್ದೂ ಇದೆ. ನಾವು ತಿದ್ದುವುದಕ್ಕೆ ಹೋಗುವುದಿಲ್ಲ.

ಆ ಟೀಚರ್ ಕಳೆದ ಮೇ ತಿಂಗಳಲ್ಲಿ ನಿವೃತ್ತರಾದರು. ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಮೇಲಿನ ಕಚೇರಿಯಿಂದ ಬಂದವರೊಬ್ಬರು ‘ನಿಸ್ವಾರ್ಥ ಸೇವೆ’ ಎಂದು ಮೂರು ಸಲ ಹೇಳಿ ಕೂತರು. ನನಗೆ ಒಳಗೊಳಗೇ ನಗು. ಮಕ್ಕಳ ವಿಷಯದಲ್ಲಿ ಅಷ್ಟು ಸ್ವಾರ್ಥದ ಹೆಂಗಸನ್ನು ನಾನು ಇನ್ನೊಬ್ಬರನ್ನು ಕಂಡಿಲ್ಲ. ನಾವು ಹೆತ್ತ ಮಕ್ಕಳನ್ನು ಅವರು ನಮಗೆ ಪೂರ್ತಿಯಾಗಿ ಬಿಟ್ಟುಕೊಡುತ್ತಲೇ ಇರಲಿಲ್ಲ. ಆ ದಿನ ನನ್ನನ್ನೂ ಎರಡು ಮಾತಾಡಲು ಕರೆದರು. ಮೈಕಿನ ಮುಂದೆ ನಿಂತದ್ದೇ ಬಾಯಿ ಕಟ್ಟಿಹೋಯಿತು. ಆಡದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಹೆಸರು ಮಾತ್ರ ಬರೆಯುವುದಿಲ್ಲ, ಬರೆದರೆ “ಇದೆಲ್ಲ ಎಂತ ನಾಟಕ?” ಎಂದು ಬೈಯುತ್ತಾರೆ, ಮತ್ತು ಅವರ ಬೈಗುಳ ನನಗೆ ಬೇಕಾದಷ್ಟು ಸಿಕ್ಕಿದೆ.

ಎತ್ತರದ, ಎಲುಬು ಕಾಣುವ ಆಳು. ಮಳೆಗಾಲದಲ್ಲಿ ಸೀರೆಯನ್ನು ಕಣಕಾಲಿನ ಮೇಲಕ್ಕೆ ಸಿಕ್ಕಿಸಿ, ಗಂಡಸರ ಕೊಡೆ ಹಿಡಿದು ಬರುತ್ತಿದ್ದರು. ಕನ್ನಡಕಕ್ಕೆ ಬಲೆ ನೇಯುವ ನೈಲಾನ್ ದಾರ ಕಟ್ಟಿ ಕುತ್ತಿಗೆಗೆ ಹಾಕಿಕೊಳ್ಳುತ್ತಿದ್ದರು. ಸೊಂಟದ ಕೀಗೊಂಚಲಿನಲ್ಲಿ ಒಂದು ಉಗುರು ಕತ್ತರಿ. ಮಕ್ಕಳೊಡನೆ, ನಮ್ಮೊಡನೆ ಮಾತೆಲ್ಲ ತುಳುವಿನಲ್ಲೇ. ಸಿಟ್ಟು ಬಂದರೆ ಮಾತ್ರ ಕನ್ನಡ, ಅದೂ ಒಂದಕ್ಷರ ನುಂಗದೆ. ಟೀಚರ್ ಕನ್ನಡ ಶುರು ಮಾಡಿದರೆಂದರೆ ತಾಯಂದಿರು ಕೊಡೆ ಹುಡುಕಿಕೊಂಡು ಹೊರಡುವ ತಯಾರಿ ಮಾಡುತ್ತಿದ್ದರು.

ಅಳುವ ಮಗುವನ್ನು ಅವರು ಎತ್ತಿಕೊಳ್ಳುತ್ತಿರಲಿಲ್ಲ. ಇದು ನನಗೆ ಮೊದಲು ಕಲ್ಲು ಮನಸ್ಸಿನಂತೆ ಕಂಡಿತ್ತು. ಅವರು ಮಗುವಿನ ಪಕ್ಕ ಚಾಪೆಯ ಮೇಲೆ ಕೂತು ಮಧ್ಯಾಹ್ನದ ಸಾಂಬಾರಿಗೆ ಅಲಸಂಡೆ ಮುರಿಯಲು ತೊಡಗುತ್ತಿದ್ದರು.

“ಅಳು, ಅಳು. ಬೇಡ ಅಂತ ಯಾರು ಹೇಳಿದ್ರು? ಆದ್ರೆ ಕೈ ಖಾಲಿ ಉಂಟಲ್ವಾ? ಇದೊಂದು ಮುರಿ ನೋಡುವ.”

ಮಗು ಅಳುತ್ತಲೇ ಒಂದು ಮುರಿಯುತ್ತಿತ್ತು. ಆಮೇಲೆ ಇನ್ನೊಂದು. ಉದ್ದದ ತುಂಡು, ಗಿಡ್ಡದ ತುಂಡು, ಜಜ್ಜಿದ ತುಂಡು. ಜೂನ್ ತಿಂಗಳ ಸಾಂಬಾರು ನೋಡಿಯೇ ಆ ದಿನ ಎಷ್ಟು ಮಕ್ಕಳು ಅತ್ತಿದ್ದಾರೆ ಎಂದು ಅಡುಗೆಯ ಆಯ ಲೆಕ್ಕ ಹೇಳುತ್ತಿದ್ದಳು. ಮಟ್ಟುವಿನ ತಮ್ಮ ತವರಿನಿಂದ ಗುಳ್ಳ ಬದನೆ ಬಂದ ದಿನ ಟೀಚರ್ ಅದನ್ನೂ ತಂದು ಅದಕ್ಕೆ ಸೇರಿಸುತ್ತಿದ್ದರು. ಅಷ್ಟು ರುಚಿಯ ಸಾಂಬಾರನ್ನು ನಾನು ಮದುವೆ ಮನೆಗಳಲ್ಲೂ ಉಂಡಿಲ್ಲ.

ಚಪ್ಪಲಿಯ ಕ್ರಮ ಅವರದ್ದೇ. ಹೊಸ ಮಗುವನ್ನು ಬಿಡಲು ಬಂದ ತಾಯಿ ತನ್ನ ಚಪ್ಪಲಿಯನ್ನು ಒಳಬಾಗಿಲ ಹತ್ತಿರ, ಮಗುವಿನ ಕಣ್ಣಿಗೆ ಬೀಳುವ ಹಾಗೆ ಇಡಬೇಕು. ನಾನು ಹೋಗುತ್ತೇನೆ, ಇಷ್ಟು ಹೊತ್ತಿಗೆ ಬರುತ್ತೇನೆ ಎಂದು ಮಗುವಿನ ಮುಖ ನೋಡಿ ಹೇಳಬೇಕು. ಆಮೇಲೆ ಬರಿಗಾಲಲ್ಲಿ ಹೋಗಬೇಕು. ಹೇಳಿದ ಹೊತ್ತಿಗೆ ಬಂದು ಚಪ್ಪಲಿಯನ್ನೂ ಮಗುವನ್ನೂ ಒಟ್ಟಿಗೆ ಕರೆದುಕೊಂಡು ಹೋಗಬೇಕು. ಮಗುವಿಗೆ ಗಡಿಯಾರ ಗೊತ್ತಿಲ್ಲ, ತಾಯಿಯ ಚಪ್ಪಲಿ ಗೊತ್ತು. ಕೆಲಸಕ್ಕೆ ಹೋಗುವವರು ಇನ್ನೊಂದು ಜೊತೆಯನ್ನು ಕೆಲಸದ ಜಾಗದಲ್ಲಿ ಇಟ್ಟುಕೊಳ್ಳುತ್ತಿದ್ದರು. ಹೆಚ್ಚೆಂದರೆ ಒಂದು ತಿಂಗಳು ಹೀಗೆ ನಡೆಯುತ್ತಿತ್ತು. ಒಂದು ದಿನ ಮಗು ಚಪ್ಪಲಿಯ ಕಡೆ ನೋಡುವುದನ್ನೇ ಮರೆಯುತ್ತಿತ್ತು, ಅಂದಿಗೆ ತಾಯಿಗೆ ಬಿಡುಗಡೆ.

ನನ್ನ ಮಗಳನ್ನು ಅಲ್ಲಿಗೆ ಸೇರಿಸುವ ಮನಸ್ಸು ನನಗೆ ಇರಲಿಲ್ಲ, ನಿಜ ಹೇಳುತ್ತೇನೆ. ನಾನು ಕಾರ್ಕಳದವಳು, ಅಪ್ಪನಿಗೆ ಅಲ್ಲಿ ಮೀನಿನ ವ್ಯಾಪಾರ. ಗಂಡ ಮಲ್ಪೆಯ ಬೋಟಿನಲ್ಲಿ ಆಳಸಮುದ್ರಕ್ಕೆ ಹೋಗುವವರು. ನಾನು ಕಾಪು ಪೇಟೆಯ ಒಂದು ಸಣ್ಣ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದೇನೆ. ಮಣಿಪಾಲದಲ್ಲಿರುವ ನನ್ನ ಅಕ್ಕನ ಮಗ ಮೂರು ವರ್ಷಕ್ಕೇ ಪ್ಲೇ ಸ್ಕೂಲಿಗೆ ಹೋಗಿ ನೂರರವರೆಗೆ ಬರೆಯುತ್ತಿದ್ದ. ಅಕ್ಕ ಅದರ ಫೋಟೋ ದಿನಾ ಕಳಿಸುತ್ತಿದ್ದಳು. ನನ್ನ ಮಗಳು ಬಾಲವಾಡಿಯಲ್ಲಿ ಅಲಸಂಡೆ ಮುರಿಯುವುದು ನನಗೆ ನಾಚಿಕೆಯ ವಿಷಯವಾಗಿತ್ತು. ಆದರೆ ನಮ್ಮ ದಾರಿಗೆ ಹತ್ತಿರ ಇದ್ದದ್ದು ಅದೊಂದೇ. ಇನ್ನು ಎರಡು ವರ್ಷದಲ್ಲಿ ಉಡುಪಿಯ ಶಾಲೆಗೆ ಎಲ್‌ಕೆಜಿಗೆ ಸೇರಿಸಬೇಕು. ಮಗು ನನ್ನನ್ನು ಬಿಟ್ಟು ಇರಲು ಕಲಿತರೆ ನನ್ನ ಕೆಲಸ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ. ಲ್ಯಾಬಿನ ಯಜಮಾನರು ಇದನ್ನು ಬಾಯಿಬಿಟ್ಟೇ ಹೇಳಿದ್ದರು.

“ಎಬಿಸಿಡಿ ಯಾವಾಗ ಶುರು ಮಾಡ್ತೀರಿ ಟೀಚರ್?” ಎಂದು ಸೇರಿಸಿದ ವಾರವೇ ಕೇಳಿದೆ.

“ಎಬಿಸಿಡಿಗೆ ಎಂತ ಅರ್ಜೆಂಟು? ಅದೆಲ್ಲಿಗೂ ಓಡಿ ಹೋಗುವುದಿಲ್ಲ, ಇದ್ದಲ್ಲೇ ಇರ್ತದೆ. ನಿನ್ನ ಮಗಳಿಗೆ ಬುತ್ತಿಯ ಮುಚ್ಚಳ ತೆಗೀಲಿಕ್ಕೆ ಬರ್ತದಾ?”

ಬರುತ್ತಿರಲಿಲ್ಲ.

“ಚಡ್ಡಿ ಜಾರಿಸಿ ಒಂದಕ್ಕೆ ಕೂರಲಿಕ್ಕೆ? ಮೊಟ್ಟೆ ಸುಲೀಲಿಕ್ಕೆ? ನನಗೆ ಬೇಡ ಅಂತ ಹೇಳ್ಲಿಕ್ಕೆ? ನನಗೆ ಇನ್ನೂ ಬೇಕು ಅಂತ ಹೇಳ್ಲಿಕ್ಕೆ?”

ಒಂದೂ ಬರುತ್ತಿರಲಿಲ್ಲ. ಅದೆಲ್ಲವನ್ನೂ ಅವಳ ಪರವಾಗಿ ನಾನು, ನಾನಿಲ್ಲದಾಗ ಅತ್ತೆ ಮಾಡುತ್ತಿದ್ದೆವು. “ಹಾಗಾದ್ರೆ ಇಂಗ್ಲಿಷ್ ಶಾಲೆಯಲ್ಲಿ ಇವಳು ಎ ಬರೆದು, ಬಿ ಬರೆದು, ಚಡ್ಡಿ ಒದ್ದೆ ಮಾಡಿಕೊಂಡು ಕೂರ್ತಾಳೆ. ಆಗ್ಬಹುದಾ?” ಎಂದರು. ನನಗೆ ಸಿಟ್ಟು ಬಂತು.

ಜೂನ್, ಜುಲೈ ಎರಡು ತಿಂಗಳು ಬೋಟುಗಳಿಗೆ ಮಳೆಗಾಲದ ರಜೆ. ಗಂಡ ಮನೆಯಲ್ಲೇ ಇದ್ದರು. ಮಗಳನ್ನು ಬಿಡುವುದು, ತರುವುದು ಅವರದ್ದೇ ಕೆಲಸ. ಅವರ ಚಪ್ಪಲಿ ಆ ಬಾಗಿಲಲ್ಲಿ ನಾಲ್ಕೇ ದಿನ ಉಳಿಯಿತು. ಮಗಳು ಅಷ್ಟು ಬೇಗ ಹೊಂದಿಕೊಂಡಳು. ನಾನಂತೂ ಅಕ್ಕನಿಗೆ ಫೋನ್ ಮಾಡಿ ಕೊಚ್ಚಿಕೊಂಡೆ.

ಆಗಸ್ಟಿನಲ್ಲಿ ಬೋಟುಗಳು ನೀರಿಗಿಳಿದವು. ಮಗಳು ನಿದ್ದೆಯಲ್ಲಿದ್ದಾಗಲೇ ಗಂಡ ಹೊರಟುಹೋದರು. ನಮ್ಮ ಅತ್ತೆಯ ಮನೆಯಲ್ಲಿ ಒಂದು ಕಟ್ಟುನಿಟ್ಟು ಇದೆ. ಕಡಲಿಗೆ ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು, ಯಾವಾಗ ಬರುತ್ತೀರಿ ಎನ್ನಬಾರದು, ಹಿಂದಿನಿಂದ ಕರೆಯಲೇಬಾರದು. ಮಗು ಎಚ್ಚರವಿದ್ದರೆ ಕೇಳಿಬಿಡುತ್ತದೆ, ಅತ್ತು ಕರೆಯುತ್ತದೆ. ಹಾಗಾಗಿ ಮಕ್ಕಳಿರುವ ಮನೆಗಳಲ್ಲಿ ಗಂಡಸರು ಸದ್ದಿಲ್ಲದೆ ಹೋಗುವುದು ಮೊದಲಿನಿಂದಲೂ ನಡೆದುಬಂದದ್ದು. ಕಾರ್ಕಳದಿಂದ ಬಂದ ನನಗೆ ಇದು ಹೊಸತು. ಕಡಲಿನ ವಿಷಯ, ನಾನು ಬಾಯಿ ಹಾಕಲಿಲ್ಲ.

ಮಗಳು ಬೆಳಗ್ಗೆ ಎದ್ದು ಅಪ್ಪನನ್ನು ಬಚ್ಚಲಲ್ಲಿ ಹುಡುಕಿದಳು, ಬಾವಿಕಟ್ಟೆಯಲ್ಲಿ ಹುಡುಕಿದಳು. ಅತ್ತೆ “ಬರ್ತಾರೆ, ಬರ್ತಾರೆ” ಎಂದರು. ಆ ದಿನದಿಂದ ಅವಳು ನನ್ನ ಸೆರಗು ಬಿಡಲಿಲ್ಲ. ನಾನು ಸ್ನಾನಕ್ಕೆ ಹೋದರೆ ಬಾಗಿಲ ಹೊರಗೆ ಕೂತು ಬಾಗಿಲು ತಟ್ಟುವಳು. ಬಾಲವಾಡಿಯಲ್ಲಿ ಬಿಟ್ಟರೆ ಉಸಿರು ಸಿಕ್ಕಿಹಾಕಿಕೊಳ್ಳುವ ಹಾಗೆ ಅಳು. ಟೀಚರ್ ನನಗೂ ಚಪ್ಪಲಿ ಇಡಲು ಹೇಳಿದರು.

ಈಗ ನನ್ನ ಕಳ್ಳತನದ ವಿಷಯ. ಬರಿಗಾಲಲ್ಲಿ ಬಸ್ಸು ಹತ್ತುವುದಕ್ಕೆ ನನಗೆ ಮರ್ಯಾದೆ ಅಡ್ಡ ಬಂತು. ಮನೆಯ ಹಿಂದೆ ಬಿಸಾಡಲು ಇಟ್ಟಿದ್ದ ಹಳೆಯ ಜೊತೆಯೊಂದನ್ನು, ಒಂದರ ಬಾರು ಕಿತ್ತದ್ದು, ಚೀಲದಲ್ಲಿ ತಂದು ಬಾಗಿಲ ಹತ್ತಿರ ಇಟ್ಟೆ. ಹೊಸ ಸ್ಯಾಂಡಲನ್ನು ಮೆಟ್ಟಿಲ ಕೆಳಗೆ ಮರೆಯಲ್ಲಿ ಬಿಟ್ಟಿದ್ದೆ. ಟೀಚರ್ ಒಳಗೆ ಹಾಲು ಕೊಡುವುದರಲ್ಲಿದ್ದರು. ಹೇಳಿದರೆ ಅಳುತ್ತಾಳೆ ಎಂದು ಹೇಳಲೂ ಇಲ್ಲ. ಮಗಳು ಗೊಂಬೆಯ ಕಡೆ ತಿರುಗಿದ್ದೇ ತಡ, ಮೆಟ್ಟಿಲಿಳಿದು, ಸ್ಯಾಂಡಲ್ ಹಾಕಿಕೊಂಡು, ಬಸ್ ಸ್ಟಾಪಿಗೆ ಓಡಿದೆ. ಮೂರು ದಿನ ಹೀಗೆ ಮಾಡಿದೆ. ಬಹಳ ಜಾಣತನ ಎಂದುಕೊಂಡಿದ್ದೆ.

ನಾಲ್ಕನೆಯ ದಿನ ನಾನು ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟಿದ್ದೆ. ಹಿಂದೆ ಮೀನಿನ ಟೆಂಪೊ ಬ್ರೇಕು ಹಾಕಿದ ಸದ್ದು. ತಿರುಗಿ ನೋಡಿದರೆ ರಸ್ತೆಯ ನಡುವೆ ನನ್ನ ಮಗಳು, ಕೈಯಲ್ಲಿ ಬಾರು ಕಿತ್ತ ಚಪ್ಪಲಿ. ಅವಳ ಹಿಂದೆ ಟೀಚರ್, ಬರಿಗಾಲಲ್ಲಿ ಓಡಿ ಬಂದು ಅವಳ ರಟ್ಟೆ ಹಿಡಿದಿದ್ದಾರೆ. ಟೆಂಪೊ ಒಂದು ಮಾರು ದೂರದಲ್ಲಿ ನಿಂತಿತ್ತು. ನಾನು ಬಸ್ಸು ಬಿಟ್ಟು ಓಡಿ ಬಂದೆ.

ಟೀಚರ್ ಅವಳ ಕೈ ಹಿಡಿದು ನಡೆಸಿಕೊಂಡು ಹೊರಟರು. ಬಾಲವಾಡಿಗೆ ಬಂದು, ಮಗಳಿಗೆ ನೀರು ಕುಡಿಸಿ, ಆಯಾಳ ಹತ್ತಿರ ಕೂರಿಸಿ, ನನ್ನನ್ನು ಜಗಲಿಗೆ ಕರೆದರು. ಕನ್ನಡದಲ್ಲಿ ಶುರು ಮಾಡಿದರು.

“ಈ ಚಪ್ಪಲಿಯನ್ನು ನೀನು ಬಿಸಾಡಲಿಕ್ಕೆ ಇಟ್ಟದ್ದು ಅಲ್ಲವಾ?”

ಹೌದೆಂದು ತಲೆಯಾಡಿಸಿದೆ.

“ಅದು ನಿನ್ನ ಮಗಳಿಗೆ ಗೊತ್ತುಂಟು. ಬೇಡದ ಚಪ್ಪಲಿಯನ್ನು ತೆಗೆದುಕೊಂಡು ಹೋಗಲಿಕ್ಕೆ ಯಾರಾದರೂ ವಾಪಸ್ಸು ಬರ್ತಾರಾ? ಅವಳು ಓಡಿ ಬಂದದ್ದಲ್ಲ. ನೀನು ಓಡಿ ಹೋದದ್ದು. ಗೇಟಿನ ಚಿಲಕ ಹಾಕದೆ ಬಿಟ್ಟದ್ದು ನನ್ನ ತಪ್ಪು, ಅದನ್ನು ನಾನು ಮೇಲಿನವರಿಗೆ ಬರೆದು ಕೊಡ್ತೇನೆ. ನಿನ್ನದನ್ನು ನೀನು ಅವಳ ಹತ್ತಿರ ಹೇಳು.”

“ಯಾರ ಹತ್ತಿರ?”

“ಮಗಳ ಹತ್ತಿರ. ಸುಳ್ಳು ಹೇಳಿದ್ದು ಯಾರಿಗೆ?”

ಮೂರು ವರ್ಷದ ಮಗುವಿನ ಹತ್ತಿರ ತಪ್ಪಾಯಿತು ಎನ್ನುವುದು ನನಗೆ ತಮಾಷೆಯಾಗಿ ಕೇಳಿತು. ಆದರೆ ಅವರು ನಿಂತ ರೀತಿಯಲ್ಲಿ ತಮಾಷೆ ಇರಲಿಲ್ಲ. ಒಳಗೆ ಹೋಗಿ ಮಗಳ ಮುಂದೆ ಕೂತೆ. ಹೇಳದೆ ಹೋದೆ, ತಪ್ಪಾಯಿತು, ಇನ್ನು ಹೇಳಿಯೇ ಹೋಗುತ್ತೇನೆ ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ನನ್ನ ಸ್ಯಾಂಡಲನ್ನು ನೋಡಿದಳು. ನಾನು ಅದನ್ನು ಬಿಚ್ಚಿ ಅವಳೆದುರೇ ಇಟ್ಟು, ನಾಲ್ಕು ಗಂಟೆಗೆ ಬರುತ್ತೇನೆ ಎಂದೆ. ಆ ದಿನ ಕಾಪು ಪೇಟೆಯಲ್ಲಿ ಕೆಸರು ತುಳಿಯುತ್ತ ಲ್ಯಾಬಿಗೆ ಹೋದೆ, ತಡವಾದದ್ದಕ್ಕೆ ಬೈಸಿಕೊಂಡೆ. ಮೂರೂವರೆಗೆ ಹೊರಟು, ಹೇಳಿದ ಹೊತ್ತಿಗೆ ಬಂದೆ.

ಟೀಚರ್ ಅಷ್ಟಕ್ಕೆ ಬಿಡಲಿಲ್ಲ. ಗಂಡ ಮಗಳಿಗೆ ಹೇಳದೆ ಹೊರಟದ್ದನ್ನೂ ನನ್ನಿಂದ ಕೇಳಿ ತಿಳಿದುಕೊಂಡರು. ಗಂಡ ಕಡಲಿನಿಂದ ಬಂದ ವಾರ, ಭಾನುವಾರ ಬೆಳಗ್ಗೆ ಗಂಡಸರ ಕೊಡೆ ಹಿಡಿದು ನಮ್ಮ ಮನೆಗೇ ಬಂದು, ಅಪ್ಪನೂ ಮಗುವಿಗೆ ಹೇಳಿಯೇ ಹೋಗಬೇಕು ಎಂದರು. ಬಾಲವಾಡಿಯ ಟೀಚರಿಗೆ ಕಡಲಿನ ಮನೆಯ ಕ್ರಮದಲ್ಲಿ ಎಂತ ಕೆಲಸ ಎಂದು ಅತ್ತೆಯ ಮುಖ ಬಿಗಿಯಿತು.

“ಹೊರಡುವಾಗ ಕೇಳಬಾರದು. ನಮ್ಮ ಹಿರಿಯರು ಮಾಡಿದ್ದು. ಅದನ್ನು ತಪ್ಪಿಸ್ಲಿಕ್ಕೆ ನಾನು ಬಿಡುವುದಿಲ್ಲ” ಎಂದರು ಅತ್ತೆ.

“ತಪ್ಪಿಸುವುದು ಬೇಡ ಅಕ್ಕ. ನನ್ನ ಅಣ್ಣನೂ ದೋಣಿಯಲ್ಲಿದ್ದವ, ನನಗೂ ಗೊತ್ತುಂಟು. ಹೊರಡುವಾಗ ಕೇಳಬಾರದು, ಸರಿ. ಹಿಂದಿನ ದಿನವೇ ಹೇಳಬಾರದು ಅಂತ ಯಾವ ಹಿರಿಯರು ಹೇಳಿದ್ದಾರೆ?”

ಅತ್ತೆ ಬಹಳ ಹೊತ್ತು ಯೋಚಿಸಿದರು. ಹಾಗೆ ಯಾರೂ ಹೇಳಿದ್ದು ಅವರಿಗೂ ನೆನಪಾಗಲಿಲ್ಲ. “ಚಾ ಕುಡೀರಿ” ಎಂದರು. ನಮ್ಮ ಮನೆಯಲ್ಲಿ ಒಪ್ಪಿಗೆ ಎಂದರೆ ಅಷ್ಟೇ.

ಮುಂದಿನ ಸಲ ಗಂಡ ಹೊರಡುವ ಹಿಂದಿನ ದಿನ ಸಂಜೆ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ನಾಳೆ ನೀನು ಏಳುವಾಗ ನಾನು ಕಡಲಿನಲ್ಲಿರುತ್ತೇನೆ, ಹನ್ನೆರಡು ದಿನ ಕಳೆದು ಬರುತ್ತೇನೆ ಎಂದರು. ಅವಳು ಅತ್ತಳು, ಅವರ ಕಣ್ಣೂ ತುಂಬಿತು. ಬೆಳಗ್ಗೆ ಎದ್ದು ಅವಳು ಯಾರನ್ನೂ ಹುಡುಕಲಿಲ್ಲ. ಹನ್ನೆರಡು ಎಂದರೆ ಎಷ್ಟು ಎಂದು ಮಾತ್ರ ಕೇಳಿದಳು. ಟೀಚರ್ ಬಾಲವಾಡಿಯ ಕಿಟಕಿಯ ಮೇಲೆ ದಿನಕ್ಕೊಂದು ಮರುವಾಯಿಯ ಕಪ್ಪೆಚಿಪ್ಪು ಇಡಿಸಿದರು. ನನ್ನ ಮಗಳು ಎಣಿಕೆ ಕಲಿತದ್ದು ಆ ಕಿಟಕಿಯಲ್ಲಿ. ಪುಸ್ತಕದಲ್ಲಿ ಸೇಬು ಎಣಿಸುವ ಮಕ್ಕಳಿಗಿಂತ ಅವಳು ಎಷ್ಟು ಗಮನವಿಟ್ಟು ಎಣಿಸುತ್ತಿದ್ದಳು ಎಂದು ನಿಮಗೆ ಹೇಳಬೇಕಾಗಿಲ್ಲ.

ಡಿಸೆಂಬರಿನಲ್ಲಿ ಒಂದು ಸಲ ಹನ್ನೆರಡು ಚಿಪ್ಪು ಆದರೂ ಬೋಟು ಬರಲಿಲ್ಲ. ನೆಟ್‌ವರ್ಕ್ ಸಿಗದಷ್ಟು ದೂರದಲ್ಲಿ ಏನಾಗಿದೆಯೋ ಯಾರಿಗೂ ತಿಳಿಯದು. ನಾನು ಮನೆಯಲ್ಲಿ ಅನ್ನ ಬಿಟ್ಟಿದ್ದೆ. ಬೆಳಗ್ಗೆ ಬಾಲವಾಡಿಯ ಬಾಗಿಲಲ್ಲಿ ನಿಂತು, ಇವಳಿಗೆ ಎಂತ ಹೇಳುವುದು ಟೀಚರ್ ಎಂದೆ.

“ಇದ್ದದ್ದು ಹೇಳುವ” ಎಂದು ಅವರು ಮಗಳನ್ನು ಕರೆದರು. “ಅಪ್ಪನ ಬೋಟು ತಡ ಆಗಿದೆ. ಯಾಕೆ ಅಂತ ನಮಗೂ ಗೊತ್ತಿಲ್ಲ. ಅಮ್ಮನಿಗೂ ಹೆದರಿಕೆ ಆಗ್ತಾ ಉಂಟು. ಬಾ, ಇವತ್ತು ಹದಿಮೂರು ಕಲಿಯುವ.”

ಮಗಳು ನನ್ನ ಕೈ ಹಿಡಿದುಕೊಂಡು ಹದಿಮೂರನೆಯ ಚಿಪ್ಪು ಇಟ್ಟಳು. ಆ ಹೊತ್ತಿಗೆ ಅವಳು ನನಗೆ ಧೈರ್ಯ ಹೇಳುತ್ತಿದ್ದಾಳೆ ಎಂದೇ ನನಗೆ ಅನ್ನಿಸಿತು. ಹದಿನಾಲ್ಕು ಕಲಿತಳು, ಹದಿನೈದೂ ಕಲಿತಳು. ಹದಿನೈದರ ಸಂಜೆ ಬೋಟು ಬಂತು. ಎಂಜಿನ್ ಕೆಟ್ಟು ಬೇರೆ ಬೋಟಿನವರು ಎಳೆದುಕೊಂಡು ಬಂದಿದ್ದರು. ಅಪ್ಪ ಮನೆಯೊಳಗೆ ಕಾಲಿಟ್ಟದ್ದೇ ಮಗಳು ಸೊಂಟಕ್ಕೆ ಕೈಯಿಟ್ಟು, ಹನ್ನೆರಡು ಅಂತ ಹೇಳಿ ಹದಿನೈದು ಯಾಕೆ ಮಾಡಿದ್ದು ಎಂದು ವಿಚಾರಣೆ ನಡೆಸಿದಳು. ಅತ್ತೆ ಬಾಯಿಗೆ ಸೆರಗು ಹಿಡಿದು ನಕ್ಕರು.

ಹೀಗೆ ಎರಡು ವರ್ಷ. ಬುತ್ತಿಯ ಮುಚ್ಚಳ, ಮೊಟ್ಟೆಯ ಸಿಪ್ಪೆ, ಅಂಗಿಯ ಗುಂಡಿ ಎಲ್ಲ ಅವಳ ಕೈಗೆ ಬಂತು. ಎರಡನೆಯ ವರ್ಷ ಚಿತ್ರದ ಪುಸ್ತಕದಲ್ಲಿ ಎಬಿಸಿಡಿಯೂ ಬಂತು, ಟೀಚರ್ ಹೇಳಿದ್ದ ಹಾಗೆ ಅದು ಇದ್ದಲ್ಲೇ ಇತ್ತು. ಆದರೂ ನನ್ನ ಭಯ ಹೋಗಿರಲಿಲ್ಲ. ಉಡುಪಿಯ ಶಾಲೆಯವರು ಸೀಟು ಕೊಡುವಾಗಲೇ ಹೇಳಿದ್ದರು, ಎರಡು ವಾರದಲ್ಲಿ ಮಗು ಹೊಂದಿಕೊಳ್ಳದಿದ್ದರೆ ಮುಂದಿನ ವರ್ಷ ಕರೆದುಕೊಂಡು ಬನ್ನಿ ಎಂದು. ಹಾಗಾದರೆ ನಾನು ಲ್ಯಾಬ್ ಬಿಡಬೇಕು. ಅಲ್ಲಿ ನಮ್ಮ ಬಾಲವಾಡಿಯ ಒಂದು ಮಗುವೂ ಇಲ್ಲ. ತುಳು ಮಾತಾಡುವ ಮಿಸ್ ಇದ್ದಾರೋ ಇಲ್ಲವೋ ಗೊತ್ತಿಲ್ಲ. ಗಂಡನಿಗೆ ರಜೆಯ ತಿಂಗಳು, ನಾನೂ ಬರುತ್ತೇನೆ ಎಂದರು. ಬೇಡ, ಇದು ನಾನೇ ಮಾಡಬೇಕಾದದ್ದು ಎಂದೆ.

ಈ ಜೂನ್, ಉಡುಪಿಯ ಶಾಲೆಯ ಮೊದಲ ದಿನ. ಮಳೆ. ತರಗತಿಯ ಬಾಗಿಲಲ್ಲಿ ಐವತ್ತು ಮಕ್ಕಳ ಅಳು. ಅಲ್ಲಿಯ ಆಯ ಒಬ್ಬಳು ಗಿಲಕಿ ಅಲ್ಲಾಡಿಸಿ ಮಕ್ಕಳ ಮುಖ ಆಚೆ ತಿರುಗಿಸುತ್ತಿದ್ದಳು, ಇನ್ನೊಬ್ಬಳು ತಾಯಂದಿರ ಬೆನ್ನು ತಳ್ಳುತ್ತಿದ್ದಳು. “ಹೋಗಿ ಹೋಗಿ, ನೋಡುವ ಮೊದಲು ಹೋಗಿ. ಹೇಳಲಿಕ್ಕೆ ನಿಲ್ಲಬೇಡಿ, ಹೇಳಿದರೆ ಬಿಡುವುದಿಲ್ಲ.” ಒಳ್ಳೆಯ ಉದ್ಯೋಗದವರು, ಕಾರಿನಲ್ಲಿ ಬಂದವರು, ಎಲ್ಲರೂ ಬಗ್ಗಿಕೊಂಡು ಕಳ್ಳರ ಹಾಗೆ ಜಾರಿಕೊಳ್ಳುತ್ತಿದ್ದರು. ಆಯ ನನ್ನ ಬೆನ್ನಿಗೂ ಕೈ ಹಾಕಿದಳು.

“ಒಂದು ನಿಮಿಷ ನಿಲ್ಲಿ ಮಾರಾಯ್ರೆ” ಎಂದು ಅವಳ ಕೈ ಸರಿಸಿದೆ.

ಒದ್ದೆ ನೆಲದಲ್ಲೇ ಕುಕ್ಕುರುಗಾಲಲ್ಲಿ ಕೂತು ಮಗಳನ್ನು ನನ್ನ ಕಡೆ ತಿರುಗಿಸಿದೆ. “ನಾನು ಈಗ ಕೆಲಸಕ್ಕೆ ಹೋಗ್ತೇನೆ. ಊಟದ ಹೊತ್ತಿಗೆ ನಿನ್ನನ್ನು ವ್ಯಾನಿನಲ್ಲಿ ಕೂರಿಸ್ತಾರೆ. ರಸ್ತೆಯ ಹತ್ತಿರ ಅಜ್ಜಿ ನಿಂತಿರ್ತಾರೆ. ನಾನು ನಾಲ್ಕು ಗಂಟೆಗೆ ಬರ್ತೇನೆ.”

ಅವಳ ಕಣ್ಣಿನಿಂದ ಒಂದು ಹನಿ ಇಳಿಯಿತು, ಅದನ್ನು ತೋಳಿನಿಂದ ತಾನೇ ಒರೆಸಿಕೊಂಡಳು.

“ಗೊತ್ತುಂಟು” ಎಂದಳು. ಆಮೇಲೆ ನನ್ನ ಬೆನ್ನು ತಳ್ಳುತ್ತಿದ್ದ ಆಯಾಳ ಕಡೆಗೆ ತಿರುಗಿ, “ನನ್ನ ಚೀಲ ಎಲ್ಲಿ ಇಡುವುದು?” ಎಂದು ಕೇಳಿದಳು.

ಆಯ ತಬ್ಬಿಬ್ಬಾದಳು. ಅವಳ ಕೈ ಹಿಡಿದುಕೊಂಡು ಮಗಳು ಒಳಗೆ ಹೋದಳು, ತಿರುಗಿ ನೋಡಲಿಲ್ಲ. ಅಲ್ಲಿದ್ದ ಎಲ್ಲರನ್ನೂ ನಿಲ್ಲಿಸಿ, ನೋಡಿ, ಇವಳು ನಮ್ಮ ಬಾಲವಾಡಿಯ ಮಗು ಎಂದು ಕೂಗಬೇಕೆನಿಸಿತು.

ಕೂಗಲಿಲ್ಲ. ಹೋಗಲೂ ಇಲ್ಲ. ಶಾಲೆಯ ಗೋಡೆಯ ಹೊರಗೆ ಕೊಡೆ ಹಿಡಿದು, ಒಳಗಿನ ಅಳುಗಳಲ್ಲಿ ಅವಳದ್ದು ಇದೆಯೋ ಎಂದು ಕಿವಿಗೊಟ್ಟು ನಿಂತೆ. ಅವಳದ್ದು ಇರಲಿಲ್ಲ. ನನ್ನ ಕಣ್ಣು ಮಾತ್ರ ನಿಲ್ಲಲಿಲ್ಲ. ಟೀಚರಿಗೂ ಅದು ಮಕ್ಕಳಿಲ್ಲದ ಮೊದಲ ಜೂನ್ ಎಂದು ನೆನಪಾಗಿ ಫೋನ್ ಮಾಡಿದೆ. ಒಂದೇ ರಿಂಗಿಗೆ ಎತ್ತಿದರು.

“ಹೇಳಿ ಬಂದಿಯಾ?”

“ಹೇಳಿ ಬಂದೆ ಟೀಚರ್.”

“ಅತ್ತಳಾ?”

“ಒಂದು ಹನಿ. ತಾನೇ ಒರೆಸಿಕೊಂಡಳು. ಚೀಲ ಎಲ್ಲಿಡುವುದು ಅಂತ ಕೇಳಿ ಒಳಗೆ ಹೋದಳು.”

ಆ ಕಡೆ ಮೂಗು ಒರೆಸಿಕೊಂಡ ಹಾಗೆ ಕೇಳಿಸಿತು, ನಾನು ಕೇಳದವಳ ಹಾಗೆ ಇದ್ದೆ.

“ನೀನು ಈಗ ಎಲ್ಲಿದ್ದಿ?”

“ಇಲ್ಲೇ, ಶಾಲೆಯ ಗೋಡೆಯ ಹತ್ತಿರ.”

“ಅಲ್ಲಿ ಎಂತ ಮಾಡ್ತಿ ಮಾರಾಯ್ತಿ? ಕೆಲಸಕ್ಕೆ ಹೋಗ್ತೇನೆ ಅಂತ ಮಗುವಿಗೆ ಹೇಳಿ ಬಂದದ್ದಲ್ವಾ? ಹಾಗಾದ್ರೆ ಹೋಗು.” ಅವರ ದನಿ ಸ್ವಲ್ಪ ಮೆತ್ತಗಾಯಿತು. “ಅವಳ ವಿಷಯದಲ್ಲಿ ನನಗೆ ಹೆದರಿಕೆ ಇರಲಿಲ್ಲ. ಎರಡು ವರ್ಷ ನಾನು ಹೆದರಿದ್ದು ನಿನ್ನ ಬಗ್ಗೆಯೇ.”